ಗೋಡೆಯ ಮೇಲಿನ ಫೋಟೋ ಅಲ್ಲೇ ಇರಲಿ

ಬಸವನಗುಡಿಯಿಂದ ಪತ್ರ ಬರೆದ ಸಹೋದರಿಗೆ ನಮಸ್ಕಾರ.

ನಿಮ್ಮ ಪಕ್ಕದ ಮನೆಯ 67 ವರ್ಷದ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದ 62ರ ಹೆಣ್ಣುಮಗಳೊಬ್ಬರನ್ನು ಮದುವೆಯಾಗುತ್ತಿದ್ದಾರೆ. ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ಮನೆಯಲ್ಲೇ ಹಾರ ಬದಲಾಯಿಸಿ ಊಟ. ಸೇರುವವರು ಇಪ್ಪತ್ತು ಜನ. “ಫೋಟೋ ನೀನೇ ತೆಗಿಯಮ್ಮ” ಅಂದಿದ್ದಾರೆ. ನಿಮಗೆ ಎರಡು ಚಿಂತೆ: ವಯಸ್ಸಾದ ಮುಖಗಳನ್ನು ಚೆನ್ನಾಗಿ ತೆಗೆಯುವುದು ಹೇಗೆ? ಹಾಲಿನ ಗೋಡೆಯಲ್ಲಿ ಹಾರ ಹಾಕಿರುವ, ಮೇಷ್ಟ್ರ ತೀರಿಹೋದ ಹೆಂಡತಿಯ ಫೋಟೋ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳುವುದು ಹೇಗೆ?

ಎರಡನೆಯದನ್ನೇ ಮೊದಲು ಹೇಳುತ್ತೇನೆ. ಅದನ್ನು ನೀವಾಗಿ ತೀರ್ಮಾನಿಸಬೇಡಿ. ಮದುಮಗಳನ್ನೇ ಕೇಳಿ, ಮೇಷ್ಟ್ರು ಎದುರಿಗಿಲ್ಲದಾಗ ಕೇಳಿ. ನಮ್ಮ ಚಿಕ್ಕಪ್ಪ 60 ದಾಟಿದ ಮೇಲೆ ಮರುಮದುವೆಯಾದಾಗ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಹಳೆಯ ಚಿಕ್ಕಮ್ಮನ ಫೋಟೋ ಕಾಣಬಾರದೆಂದು ಇಬ್ಬರನ್ನೂ ಬೀರುವಿನ ಪಕ್ಕದ ಮೂಲೆಗೆ ನಿಲ್ಲಿಸಿದ್ದೆ. ಊಟ ಮುಗಿದ ಮೇಲೆ ಹೊಸ ಚಿಕ್ಕಮ್ಮ ತಮ್ಮ ಹಾರದಿಂದ ಒಂದು ಸುಗಂಧರಾಜ ಕಿತ್ತು, ತುದಿಗಾಲಲ್ಲಿ ನಿಂತು, ಆ ಫೋಟೋದ ಅಂಚಿಗೆ ಸಿಕ್ಕಿಸಿದರು. ಅಷ್ಟು ಹೊತ್ತಿಗೆ ನಾನು ಕ್ಯಾಮೆರಾ ಚೀಲಕ್ಕೆ ಹಾಕಿಯಾಗಿತ್ತು. ಆ ಒಂದು ಚಿತ್ರ ಇಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಬೆಳಕು. ಹಾಲಿಗೆ ಪೂರ್ವದ ಕಿಟಕಿ, ಕೆಳಗೆ ರೆಡ್ ಆಕ್ಸೈಡ್ ನೆಲ ಎಂದು ಬರೆದಿದ್ದೀರಿ. ಕಿಟಕಿ ನಿಮ್ಮ ಪುಣ್ಯ. ಆದರೆ ಆ ನೆಲದ ಮೇಲೆ ಬಿಸಿಲು ಬಿದ್ದರೆ ಕೆಂಪು ಬಣ್ಣ ಗದ್ದದ ಕೆಳಗೆ, ನರೆತ ಕೂದಲಿಗೆ, ರೇಷ್ಮೆ ಪಂಚೆಗೆಲ್ಲ ಹತ್ತುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಒಂದು ಬಿಳಿ ಪಂಚೆ ಹಾಸಿಬಿಡಿ. ಕೆಂಪು ಹೋಗುತ್ತದೆ, ಕೆಳಗಿನಿಂದ ಚಿಮ್ಮುವ ಬೆಳಕಿಗೆ ಕಣ್ಣಿನ ಕೆಳಗಿನ ನೆರಳೂ ತಿಳಿಯಾಗುತ್ತದೆ. ತಲೆಯ ಮೇಲಿನ ದೀಪ ಆರಿಸಿ, ಸುಕ್ಕುಗಳನ್ನು ಗೀಟು ಹಾಕಿದಂತೆ ತೋರಿಸುವುದು ಅದೇ. ಫ್ಲ್ಯಾಷ್ ಬೇಡ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ತಿಳಿಸುವ ಐಎಸ್ಒ ಅನ್ನು 3200ರವರೆಗೂ ಧೈರ್ಯವಾಗಿ ಏರಿಸಿ. 50 ಎಂಎಂ ಲೆನ್ಸ್ ಒಂದಿದ್ದರೆ ಸಾಕು.

ಕನ್ನಡಕ ತೆಗೆಸಬೇಡಿ. ನಲವತ್ತು ವರ್ಷ ಕನ್ನಡಕ ಹಾಕಿದವರ ಬರಿಗಣ್ಣು ಮನೆಯವರಿಗೇ ಗುರುತು ಸಿಗುವುದಿಲ್ಲ. ಗಾಜಿನಲ್ಲಿ ಕಿಟಕಿ ಹೊಳೆದರೆ ನೀವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಆಮೇಲೆ ಆ್ಯಪ್‌ನಲ್ಲಿ ಮುಖ ನುಣ್ಣಗೆ ಮಾಡುವ ಆಸೆಗೂ ಬೀಳಬೇಡಿ, ದಯವಿಟ್ಟು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯಾಮೆರಾ ತೆಗೆಯುವ ಮುಂಚೆ ಅಧಿಕಾರಿಯನ್ನು ಒಂದು ಮಾತು ಕೇಳಿ. ಅಲ್ಲಿ ಟ್ಯೂಬ್‌ಲೈಟ್ ಇದ್ದರೆ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗವಿರಲಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಚಿತ್ರದ ಮೇಲೆ ಪಟ್ಟೆ ಬರಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುತ್ತಿದ್ದಾರೆಂದು ತಿಳಿಸಿದ್ದೀರಿ. ಅಂದರೆ ನೋಟಿಸ್ ಕೊಟ್ಟು 30 ದಿನ ಕಾದವರು ಅವರು. ಮೂವರು ಸಾಕ್ಷಿಗಳೂ ಸಹಿ ಹಾಕಬೇಕು. ಆ ಪೆನ್ನು ಕೈಯಿಂದ ಕೈಗೆ ಹೋಗುವುದನ್ನು ಹತ್ತಿರದಿಂದ ತೆಗೆಯಿರಿ. ಅಷ್ಟು ವರ್ಷ ಸೀಮೆಸುಣ್ಣ ಹಿಡಿದ ಬೆರಳು ಎಂಬುದನ್ನು ಮರೆಯಬೇಡಿ.

ಕಬ್ಬನ್ ಪಾರ್ಕಿಗೆ ಕರೆದೊಯ್ದು ಹುಡುಗ ಹುಡುಗಿಯರ ಹಾಗೆ ಮರದ ಸುತ್ತ ನಿಲ್ಲಿಸುವ ಯೋಚನೆ ಇದ್ದರೆ ಕೈಬಿಡಿ. “ಹೀಗೆ ನೋಡಿ, ಹಾಗೆ ನಗಿ” ಎಂದ ಕೂಡಲೇ ಈ ವಯಸ್ಸಿನವರು ಬಿಗಿದುಕೊಳ್ಳುತ್ತಾರೆ. ಕುರ್ಚಿ ಹಾಕಿ ಕೂರಿಸಿ, ಇಬ್ಬರೇ ಮಾತಾಡಿಕೊಳ್ಳಲಿ. ಮಾತ್ರೆ ನುಂಗಿದಿರಾ ಎಂದು ಒಬ್ಬರನ್ನೊಬ್ಬರು ಕೇಳುವಾಗ ಬರುವ ಮುಖಭಾವವನ್ನು ನೀವು ಹೇಳಿ ತರಿಸಲಾರಿರಿ.

ಬಾಳೆಲೆ ಎತ್ತಿ, ನೆಂಟರು ಚಪ್ಪಲಿ ಹುಡುಕುವ ಹೊತ್ತಿನವರೆಗೂ ಕ್ಯಾಮೆರಾ ಕೊರಳಲ್ಲೇ ಇರಲಿ.

– ಸಂಪಾದಕ