ಕೆಲಸ ಕಲಿಸಿದ ಹುಡುಗರು ಬಿಟ್ಟು ಹೋಗದ ಹಾಗೆ ಬಾಂಡ್ ಬರೆಸ್ಕೋಬೇಕಾ?

ಬೇಡ. ಬಾಂಡೂ ಬೇಡ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಇಟ್ಕೊಳ್ಳೋದಂತೂ ಬೇಡವೇ ಬೇಡ. ರಾಣೆಬೆನ್ನೂರಲ್ಲಿ ಸಣ್ಣ ಯುನಿಟ್ ಇದೆ, ಲೋಕಲ್ ಐಟಿಐ ಹುಡುಗರಿಗೆ ಏನೂ ಬರಲ್ಲ, ಕಲಿಸಿದ್ರೆ ಆರು ತಿಂಗಳಿಗೆ ಪುಣೆಗೋ ಬೆಂಗಳೂರಿಗೋ ಹೋಗ್ತಾರೆ, ಎರಡು ವರ್ಷದ ಬಾಂಡ್ ಹಾಕ್ಲಾ ಇಲ್ಲಾ ಕಲಿಸೋ ದುಡ್ಡಲ್ಲಿ ಊರ ಶಾಲೆಗೆ ಕಂಪ್ಯೂಟರ್ ಕೊಡಿಸಿ ಸುಮ್ಮನಾಗ್ಲಾ ಅಂತ ಕೇಳಿದೀರಿ. 2017ರಲ್ಲಿ ನಾನೂ ಇದನ್ನೇ ಎಲ್ಲರ ಹತ್ರ ಕೇಳ್ಕೊಂಡು ತಿರುಗ್ತಿದ್ದೆ, ಅದಕ್ಕೆ ಬರೀತಿದೀನಿ.

ನಂದು ಬೆಳಗಾವಿ ಉದ್ಯಮಬಾಗ್‌ನಲ್ಲಿ ಮಷೀನ್ ಶಾಪ್, ಹೈಡ್ರಾಲಿಕ್ ವಾಲ್ವಿನ ಸ್ಪೂಲು (ವಾಲ್ವಿನೊಳಗೆ ಜಾರೋ ದಂಡು), ಬುಷ್ ಇಂಥ ಬಿಡಿಭಾಗ ಜಾಬ್‌ವರ್ಕ್ ಮಾಡ್ತೀವಿ. ಆಗ ಎರಡು ಸಿಎನ್‌ಸಿ (ಕಂಪ್ಯೂಟರಿಂದ ನಡೆಯೋ) ಲೇಥ್, ಒಂದು ಹಳೇ ಗ್ರೈಂಡರ್, 22 ಜನ. ಆರ್ಡರ್ ಜಾಸ್ತಿ ಆಯ್ತು, ಆಪರೇಟರ್ ಸಿಗಲಿಲ್ಲ. 2016ರ ಆಗಸ್ಟಲ್ಲಿ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಸ್ಕೀಮ್ ಬಂದಿತ್ತು, ಎನ್‌ಎಪಿಎಸ್ ಅಂತ, ಸ್ಟೈಪೆಂಡಿನಲ್ಲಿ ಶೇ. 25ರಷ್ಟು, ತಿಂಗಳಿಗೆ 1500 ರೂಪಾಯಿ ಮೀರದ ಹಾಗೆ ಸರ್ಕಾರ ಆಗ ನಮಗೆ ವಾಪಸ್ ಕೊಡ್ತಿತ್ತು. ನಮ್ಮಷ್ಟು ಸಣ್ಣವರಿಗೆ ಅದು ಕಡ್ಡಾಯ ಇರಲಿಲ್ಲ, ಆದ್ರೂ ಇಬ್ಬರನ್ನ ಅದರಲ್ಲಿ ತಗೊಂಡೆ, ಇನ್ನು ಮೂವರನ್ನ ನಮ್ಮ ಲೆಕ್ಕದಲ್ಲೇ ಟ್ರೇನಿ ಅಂತ. ಐದೂ ಜನ ಕಿತ್ತೂರು, ಬೈಲಹೊಂಗಲ ಕಡೆ ಹಳ್ಳಿ ಹುಡುಗರು, ಕನ್ನಡ ಮೀಡಿಯಂ, ಎಸ್‌ಎಸ್‌ಎಲ್‌ಸಿ ಮುಗಿಸಿ ಟರ್ನರ್ ಇಲ್ಲಾ ಫಿಟ್ಟರ್ ಮಾಡಿದವರು.

ಮೊದಲನೇ ತಿಂಗಳೇ ಒಂದು ಘಟನೆ ಆಯ್ತು, ಅದು ಹೇಳಲೇಬೇಕು ಯಾಕಂದ್ರೆ ನಿಮ್ಮ ಕಂಪ್ಯೂಟರ್ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. 18 ಎಂಎಂ ಸ್ಪೂಲು, ಗ್ರೈಂಡಿಂಗ್ ಆದ್ಮೇಲೆ ಸೈಜು 17.988ರಿಂದ 17.994ರ ಒಳಗೆ ಬರಬೇಕು. ಹಗಲು ಶಿಫ್ಟಿನವರು ರಿಜಿಸ್ಟರಲ್ಲಿ ಕೊನೇ ಸೊನ್ನೆ ಬಿಟ್ಟು 17.99 ಅಂತ ಬರೆದಿದ್ರು. ರಾತ್ರಿ ಶಿಫ್ಟಿನ ಹುಡುಗ ಆ ಟ್ರೇ ಪೂರ್ತಿ, ನಲವತ್ತು ಪೀಸು, ರಿಜೆಕ್ಷನ್ ಡಬ್ಬಿಗೆ ಹಾಕ್ಬಿಟ್ಟಿದ್ದ. ಬೆಳಿಗ್ಗೆ ಯಾಕಪ್ಪಾ ಅಂದ್ರೆ, '99 ಅನ್ನೋದು 988ಕ್ಕಿಂತ ಕಮ್ಮಿ ಅಲ್ರೀ ಸರ್, ಅಂಡರ್‌ಸೈಜ್ ಆಗೇದ' ಅಂದ. ಹುಡುಗ ದಡ್ಡ ಅಲ್ಲ, ಕೆಲಸಗಳ್ಳನೂ ಅಲ್ಲ, ಟರ್ನರ್ ಟ್ರೇಡಲ್ಲಿ ಫಸ್ಟ್ ಕ್ಲಾಸ್. ದಶಮಾಂಶ ಅವನಿಗೆ ಪ್ರೈಮರಿಯಲ್ಲಿ ಯಾರೂ ಕೈಯಲ್ಲಿ ಹಿಡಿದು ತೋರಿಸಿರಲಿಲ್ಲ ಅಷ್ಟೇ. ಪೇಪರಲ್ಲಿ ಸ್ಕಿಲ್ ಗ್ಯಾಪ್ ಸ್ಕಿಲ್ ಗ್ಯಾಪ್ ಅಂತ ದಿನಾ ಬರುತ್ತಲ್ಲ, ನಮ್ಮ ಕಡೆ ಮಟ್ಟಿಗೆ ಆ ಗ್ಯಾಪ್ ಆರನೇ ಕ್ಲಾಸಿನ ಗಣಿತದಲ್ಲಿದೆ ಅಂತ ನನಗೆ ಅವತ್ತು ಗೊತ್ತಾಯ್ತು.

ಸರಿ, ಕೂತು ಕಲಿಸಿದೆ. ನಾನೂ ಕಲಿಸಿದೆ, ನಮ್ಮ ಫೋರ್‌ಮನ್‌ ಕಾಕಾನೂ ಕಲಿಸಿದ್ರು. ಡ್ರಾಯಿಂಗ್ ಓದೋದು, ಟೂಲ್ ಆಫ್‌ಸೆಟ್ ಕೊಡೋದು, ಮೈಕ್ರೋಮೀಟರ್ ಹಿಡಿಯೋದು. ಎಂಟೊಂಬತ್ತು ತಿಂಗಳಲ್ಲಿ ಐವರಲ್ಲಿ ಮೂವರು ಚೆನ್ನಾಗಿ ತಯಾರಾದ್ರು, ಅದರಲ್ಲೂ ಆ 17.99 ಹುಡುಗ ಗ್ರೈಂಡರ್ ಮೇಲೆ ನನಗಿಂತ ಚೊಕ್ಕ ಕೆಲಸ ಮಾಡೋಕೆ ಶುರು ಮಾಡಿದ.

ಈಗ ನನ್ನ ತಪ್ಪು ಹೇಳ್ತೀನಿ. ಸೇರಿಸ್ಕೊಳ್ಳುವಾಗಲೇ ಐದೂ ಜನರ ಒರಿಜಿನಲ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್ ಇಸ್ಕೊಂಡು ನನ್ನ ಕ್ಯಾಬಿನ್ನಿನ ಟ್ರೆಜರಿಯಲ್ಲಿ, ಅಂದ್ರೆ ಬೀರುವಿನಲ್ಲಿ, ಇಟ್ಟಿದ್ದೆ. ಬಾಂಡ್ ಪೇಪರಿಗಿಂತ ಇದೇ ಗಟ್ಟಿ ಅಂತ ಪಕ್ಕದ ಶೆಡ್ಡಿನವರೊಬ್ರು ಹೇಳಿಕೊಟ್ಟಿದ್ರು, ಎಲ್ಲರೂ ಮಾಡ್ತಾರೆ ಅಂತ ನಾನೂ ಮಾಡಿದೆ. 2018ರ ಜುಲೈ. ಆ ಹುಡುಗ ನನಗೆ ಹೇಳದೇ ಡಿಪ್ಲೊಮಾಗೆ ಅರ್ಜಿ ಹಾಕಿದ್ದ, ಎರಡು ವರ್ಷದ ಐಟಿಐ ಆದವರಿಗೆ ಲ್ಯಾಟರಲ್ ಎಂಟ್ರಿ ಇರುತ್ತಲ್ಲ, ನೇರ ಎರಡನೇ ವರ್ಷಕ್ಕೆ. ಸೀಟೂ ಸಿಕ್ಕಿತ್ತು. ಒರಿಜಿನಲ್ ಡಾಕ್ಯುಮೆಂಟ್ ತೋರಿಸಿ ಅಡ್ಮಿಷನ್ ಮಾಡಿಸೋಕೆ ಶುಕ್ರವಾರ ಕೊನೇ ದಿನ. ಗುರುವಾರ ಮಧ್ಯಾಹ್ನ ನನಗೆ ಫೋನ್ ಮಾಡಿದ, ನಾನು ಸೆಕೆಂಡ್ ಹ್ಯಾಂಡ್ ಗ್ರೈಂಡರ್ ನೋಡೋಕೆ ರಾಜ್‌ಕೋಟಿಗೆ ಹೋಗಿದ್ದೆ. 'ಕೀ ನನ್ನ ಹತ್ರ ಐತಪಾ, ಜೆರಾಕ್ಸ್ ತೋರ್ಸು, ಸೋಮವಾರ ಬಂದು ಕೊಡ್ತೀನಿ' ಅಂದೆ.

ಕೀ ನನ್ನ ಹತ್ರ ಇದ್ದಿದ್ದು ನಿಜ. ಆದ್ರೆ ಡೂಪ್ಲಿಕೇಟ್ ಕೀ ಮನೆಯಲ್ಲಿತ್ತು. ನಮ್ಮನೆಯವರಿಗೆ ಒಂದು ಫೋನ್ ಮಾಡಿದ್ರೆ ಅರ್ಧ ಗಂಟೆಯಲ್ಲಿ ಟ್ರೆಜರಿ ತೆಗೆದು ಕೊಡ್ತಿದ್ರು. ಅದು ನನಗೆ ಆ ಕ್ಷಣದಲ್ಲೇ ನೆನಪಿತ್ತು, ಆಮೇಲೆ ನೆನಪಾಗಿದ್ದಲ್ಲ. ಶನಿವಾರ ಡಿಸ್ಪ್ಯಾಚ್ ಇತ್ತು, ಗ್ರೈಂಡರ್ ಮೇಲೆ ಅವನು ಬಿಟ್ರೆ ಯಾರೂ ಇರಲಿಲ್ಲ, ಇವನು ಶುಕ್ರವಾರ ಹೋದ್ರೆ ಲಾಟ್ ನಿಲ್ಲುತ್ತೆ ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು. ಜೆರಾಕ್ಸ್ ನಡೆಯಲ್ಲ ಅಂತಲೂ ಒಳಗೊಳಗೇ ಗೊತ್ತಿತ್ತು. ಅಂದ್ರೆ ಕಾಗದ ಇಟ್ಕೊಂಡಿದ್ದು ಅರ್ಧ ತಪ್ಪು, ಕೊಡಬಹುದಾಗಿದ್ದಾಗ ಕೊಡದೇ ಇದ್ದಿದ್ದು ಪೂರ್ತಿ ತಪ್ಪು, ಮತ್ತೆ ಕಾಗದ ನನ್ನ ಟ್ರೆಜರಿಯಲ್ಲಿ ಇರದೇ ಹೋಗಿದ್ರೆ ಆ ಎರಡನೇ ತಪ್ಪು ಮಾಡೋ ಅವಕಾಶವೇ ನನಗೆ ಬರ್ತಿರಲಿಲ್ಲ. ನಿಮಗೆ ಬಾಂಡ್ ಬೇಡ ಅಂತ ಇಷ್ಟು ಜೋರಾಗಿ ಹೇಳ್ತಿರೋದು ಇದಕ್ಕೇ. ನೀವು ಒಳ್ಳೆಯವರೇ ಇರಬಹುದು, ಆದ್ರೆ ಡಿಸ್ಪ್ಯಾಚ್ ಇರೋ ದಿನ ಕೈಯಲ್ಲಿ ಇನ್ನೊಬ್ಬರ ಮಗನ ಜುಟ್ಟು ಇದ್ರೆ ಎಳೆದೇ ಎಳೀತೀರಿ.

ಸೀಟು ಹೋಯ್ತು. ಸೋಮವಾರ ಅವನ ಜೊತೆ ಅವರಪ್ಪನೂ ಬಂದ್ರು, ಹೊಲದವರು. ಜಗಳ ಆಡ್ತಾರೆ ಅಂತ ನಾನು ಸಿದ್ಧ ಆಗಿದ್ದೆ, ಆಡಲಿಲ್ಲ. ಕಾಗದ ಒಂದೊಂದೇ ಬಿಚ್ಚಿ ನೋಡಿ ಚೀಲದಲ್ಲಿ ಇಟ್ಕೊಂಡು, 'ಸಾಹೇಬ್ರ, ಕೆಲ್ಸಾ ಛಲೋ ಕಲಿಸಿದ್ರಿ. ಆದ್ರ ಹುಡುಗನ್ನ ಒತ್ತಿ ಇಟ್ಟಂಗ ಆತು ನೋಡ್ರಿ' ಅಂದ್ರು. ಹೊಲ ಒತ್ತಿ ಇಟ್ಟು ಬಿಡಿಸ್ಕೊಂಡವರೇ ಆ ಮಾತು ಹಾಗೆ ಆಡೋಕೆ ಸಾಧ್ಯ. ನನಗೆ ಉತ್ತರ ಬರಲಿಲ್ಲ.

ಹುಡುಗ ಅವತ್ತೇ ಬಿಟ್ಟ. ಉಳಿದ ನಾಲ್ವರು ಒಂದು ವಾರದೊಳಗೆ ಕಾಗದ ಕೇಳಿ ಇಸ್ಕೊಂಡ್ರು, ದೀಪಾವಳಿ ಹೊತ್ತಿಗೆ ಮೂವರು ಹೋಗಿದ್ರು. ಮುಂದಿನ ವರ್ಷ ಆ ಕಡೆ ಹಳ್ಳಿಗಳಿಂದ ಒಬ್ಬನೂ ಬರಲಿಲ್ಲ. ಐಟಿಐನಲ್ಲಿ ಪರಿಚಯದ ಜೆಟಿಒ (ಟ್ರೇಡ್ ಕಲಿಸೋ ಮೇಷ್ಟ್ರು) ಒಬ್ರು ಇದ್ರು, ಹುಡುಗರನ್ನ ಅವರೇ ಕಳಿಸ್ತಿದ್ದಿದ್ದು, ಅವರು ಫೋನ್ ಎತ್ತೋದೂ ಕಮ್ಮಿ ಮಾಡಿದ್ರು. ಎರಡು ವರ್ಷ ಕಾಂಟ್ರಾಕ್ಟರ್ ಕಳಿಸಿದವರನ್ನ ಇಟ್ಕೊಂಡು ನಡೆಸಿದೆ, ಒಂದು ಲಾಟ್ ಪೂರ್ತಿ ವಾಪಸ್ ಬಂದು ಡೆಬಿಟ್ ನೋಟ್ ಬಿತ್ತು, ಅಂದ್ರೆ ಗಿರಾಕಿ ಬಿಲ್ಲಿನ ದುಡ್ಡು ಮುರ್ಕೊಂಡ್ರು. ಆದ್ರೆ ದುಡ್ಡಿನ ನಷ್ಟ ತುಂಬಿಬಂತು. ಹಳ್ಳಿಯವರ ನಂಬಿಕೆ ವಾಪಸ್ ಬರೋಕೆ ಹಿಡಿದ ಕಾಲ ಬೇರೆ.

ಅದಕ್ಕೆ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. 'ಕಲಿತು ಹೋಗದ ಹಾಗೆ ಏನು ಮಾಡ್ಲಿ' ಅಂತೀರಿ. ಕಲಿತವರು ಹೋಗ್ತಾರೆ, ಹೋಗಲಿ. ನಮ್ಮ ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದ್ರು, ಆಮೇಲೆ ದಾನಿಗಳ ದುಡ್ಡಿನಿಂದ ಬೆಳೀತು, 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಲ್ಲಿ ಇಂಜಿನಿಯರಿಂಗ್ ಕಾಲೇಜೇ ಆಯ್ತು. ಅಲ್ಲಿ ಓದಿದವರು ದೇಶ ವಿದೇಶ ಎಲ್ಲಾ ಕಡೆ ಹೋದ್ರು, ಆದ್ರೂ ಈ ಭಾಗ ಬರಿದಾಗಲಿಲ್ಲ. ಅಣ್ಣ ಎಲ್ಲಿ ಮುಟ್ಟಿದ ಅಂತ ನೋಡಿಯೇ ತಮ್ಮನನ್ನ ಕಳಿಸ್ತಾರೆ.

ದೊಡ್ಡವರ ದಾರಿ ಬೇರೆ. ಟೊಯೋಟಾದವರು 2007ರಿಂದ ಬಿಡದಿಯಲ್ಲಿ ಹಳ್ಳಿ ಮಕ್ಕಳಿಗೆ ಮೂರು ವರ್ಷ ಹಾಸ್ಟೆಲ್ ಸಮೇತ ಟ್ರೇನಿಂಗ್ ಕೊಡ್ತಿದಾರೆ, ನಮಗೆ ಅದು ಆಗಲ್ಲ. ಸಿಎಸ್‌ಆರ್ ಕಾನೂನು, ಲಾಭದಲ್ಲಿ ಶೇ. 2 ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನೋದು, ಅದೂ ವರ್ಷಕ್ಕೆ 5 ಕೋಟಿ ಲಾಭ ಮಾಡೋರಂಥ ದೊಡ್ಡ ಕಂಪನಿಗಳಿಗೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳನ್ನ ಅಪ್‌ಗ್ರೇಡ್ ಮಾಡಿದೆ, 2022ರಲ್ಲಿ ಉದ್ಘಾಟನೆ ಆಯ್ತು, ಅಲ್ಲೆಲ್ಲ ಒಳ್ಳೊಳ್ಳೆ ಮಷೀನ್ ಬಂದಿದೆ. ಹಾಗಾಗಿ ಮಷೀನ್ ದಾನ ಮಾಡೋದು, ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸ್ಕೊಳ್ಳೋದು ಬಿಡಿ. ಬೇಕಾಗಿರೋದು ಪಕ್ಕದಲ್ಲಿ ನಿಂತು ನಿಜವಾದ ಜಾಬ್ ತೋರಿಸೋ ಮನುಷ್ಯ. ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಮೂರು ವರ್ಷ ಓದಿ ಒಂದು ವರ್ಷ ಫ್ಯಾಕ್ಟ್ರಿಯಲ್ಲಿ ಕಳೀಬೇಕು ಅಂತ ಇಟ್ಟಿದಾರಲ್ಲ, ಆ ಒಂದು ವರ್ಷ ಚೆನ್ನಾಗಿ ಆಗೋದು ಕೆಡೋದು ನಮ್ಮಂಥವರ ಕೈಯಲ್ಲಿದೆ.

ನಾನು ಈಗ ಮಾಡ್ತಿರೋದು ಇಷ್ಟು. 2021ರಿಂದ ತಿಂಗಳಿಗೆ ಎರಡು ಶನಿವಾರ ನಾನೋ ಕಾಕಾನೋ ಅದೇ ಐಟಿಐಗೆ ಹೋಗ್ತೀವಿ, ನಮ್ಮ ರಿಜೆಕ್ಟ್ ಆದ ಪೀಸು, ಡ್ರಾಯಿಂಗು ತಗೊಂಡು, ಯಾಕೆ ರಿಜೆಕ್ಟ್ ಆಯ್ತು ಅಂತ ಅವರಿಂದಲೇ ಹೇಳಿಸ್ತೀವಿ, ಕನ್ನಡದಲ್ಲೇ. ಪಕ್ಕದ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯವರನ್ನ (ಶಾಲೆ ಉಸ್ತುವಾರಿ ಸಮಿತಿ) ಕೇಳಿ ಆರು ಏಳನೇ ಕ್ಲಾಸಿಗೆ ಹತ್ತು ವರ್ನಿಯರ್, ಅಂದ್ರೆ ಸೂಕ್ಷ್ಮವಾಗಿ ಅಳೆಯೋ ಸಾಧನ, ಕೊಟ್ಟಿದೀವಿ, ಮಕ್ಕಳು ಪೆನ್ಸಿಲ್ಲು, ಬಳೆ, ಗೋಲಿ ಎಲ್ಲಾ ಅಳೆದು ಬರೀತಾರೆ, 0.5 ದೊಡ್ಡದೋ 0.45 ದೊಡ್ಡದೋ ಅಂತ ಅವರೇ ಜಗಳ ಆಡ್ತಾರೆ. ನಮ್ಮಲ್ಲಿ ಸೇರೋರಿಂದ ಜೆರಾಕ್ಸ್ ಮಾತ್ರ ತಗೋತೀವಿ, ಡಿಪ್ಲೊಮಾಗೆ ಅರ್ಜಿ ಹಾಕೋರು ಮೊದಲೇ ಹೇಳಿದ್ರೆ ಫೀಸಿಗೆ ಅಡ್ವಾನ್ಸ್ ಕೊಡ್ತೀವಿ. ಈಗ ಮುಚ್ಚಿಡೋರು ಕಮ್ಮಿ, ಯಾರು ಯಾವಾಗ ಹೋಗ್ತಾರೆ ಅಂತ ಮೂರು ತಿಂಗಳು ಮುಂಚೆ ಗೊತ್ತಾಗುತ್ತೆ, ಅಷ್ಟರಲ್ಲಿ ಇನ್ನೊಬ್ಬ ತಯಾರಾಗಿರ್ತಾನೆ. ಕಿತ್ತೂರು ಕಡೆಯಿಂದ ಹೋದ ವರ್ಷ ಮತ್ತೆ ಇಬ್ಬರು ಬಂದಿದಾರೆ. ಆ ಹುಡುಗನ ಊರಿಂದ ಇನ್ನೂ ಯಾರೂ ಬಂದಿಲ್ಲ.

ನಿಮ್ಮ ಆಫೀಸಲ್ಲಿ ಈಗಾಗಲೇ ಯಾರದಾದ್ರೂ ಒರಿಜಿನಲ್ ಇದ್ರೆ ನಾಳೆನೇ ವಾಪಸ್ ಕೊಡಿ, ಅವರಾಗಿ ಕೇಳೋ ತನಕ ಕಾಯಬೇಡಿ. ಐಟಿಐಗೆ ಹೋಗೋದಾದ್ರೆ ನೇರ ಟರ್ನರ್ ಸೆಕ್ಷನ್ನಿಗೆ ಹೋಗಿ ಜೆಟಿಒ ಹತ್ರ ಮಾತಾಡಿ, ಹಾರ ಶಾಲು ಬೇಡ, ಒಂದು ಡ್ರಾಯಿಂಗು, ನಾಲ್ಕು ಕೆಟ್ಟ ಪೀಸು ತಗೊಂಡು ಹೋಗಿ.