ಕತ್ತಲಾದ ಮೇಲೆ ಕಣಕ್ಕೆ ಬರುವ ಮಗ

(ಶನಿವಾರಸಂತೆ ಕಡೆಯ ಓದುಗರೊಬ್ಬರ ಪತ್ರದ ಸಾರ: “ಮಗ ಬಿ.ಇ. ಓದಿದವನು, ವಯಸ್ಸು 29. ಬೆಂಗಳೂರಿನ ಕೆಲಸ ಹೋಗಿ ಎರಡೂವರೆ ವರ್ಷವಾಯಿತು. ಹುತ್ತರಿ ಹಬ್ಬಕ್ಕೂ ಮನೆಯಿಂದ ಹೊರಬರಲಿಲ್ಲ. ಕಣದಲ್ಲಿ ಕಾಫಿ ಒಣಗುತ್ತಿದ್ದರೂ ಹಗಲು ಆ ಕಡೆ ಸುಳಿಯುವುದಿಲ್ಲ, ಕತ್ತಲಾದ ಮೇಲೆ ಟಾರ್ಪಾಲು ಹೊದಿಸಲು ಮಾತ್ರ ಬರುತ್ತಾನೆ. ಮೊನ್ನೆ ಊಟದ ಹೊತ್ತಿಗೆ ‘ನಾನೊಬ್ಬ ಇಲ್ಲದಿದ್ದರೆ ನಿಮಗೆ ಭಾರ ಕಡಿಮೆ’ ಅಂದ. ತೋಟಕ್ಕೆ ಆಳು ಸಿಗದ ಊರಿನಲ್ಲಿ ನಿರುದ್ಯೋಗಕ್ಕೆ ಯಾರಾದರೂ ಜೀವ ಕಳೆದುಕೊಳ್ಳುತ್ತಾರೆಯೇ? ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗದೇ?”)

ಮಾನ್ಯರೇ,

ನಿಮ್ಮ ಕಾಗದದಲ್ಲಿ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಇದ್ದಿದ್ದರೆ ಅಚ್ಚಾಗುವವರೆಗೆ ಕಾಯುತ್ತಿರಲಿಲ್ಲ. ಆದ್ದರಿಂದ ಎರಡನೇ ಪ್ರಶ್ನೆಗೇ ಮೊದಲ ಉತ್ತರ: ಕೇಳಿ. “ಸಾಯುವ ಯೋಚನೆ ಬರುತ್ತಿದೆಯಾ ಮಗಾ?” ಎಂದೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಈ ಭಯವನ್ನು ಸಂಶೋಧಕರು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ. ಅವನು ಹೌದೆಂದರೆ ಬುದ್ಧಿ ಹೇಳಲು ಹೋಗಬೇಡಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಈಗಲೇ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅವನು ಬರಲು ಒಪ್ಪದಿದ್ದರೆ ಮೊದಲ ಸಲ ನೀವು ಗಂಡಹೆಂಡತಿ ಇಬ್ಬರೇ ಹೋಗಿ ಬನ್ನಿ. ತೋಟಕ್ಕೆ ಹೊಡೆಯುವ ಔಷಧಿಯನ್ನೂ, ಮನೆಯಲ್ಲಿ ಕೋವಿ ಇದ್ದರೆ ಅದನ್ನೂ ಬೀಗದಲ್ಲಿಟ್ಟು ಕೀ ನಿಮ್ಮ ಸೊಂಟದಲ್ಲಿರಲಿ. ಅಂಥ ಗಳಿಗೆ ಬಂದರೂ ಬಹುಮಟ್ಟಿಗೆ ದಾಟಿಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗಬಾರದು, ಅಷ್ಟೇ.

ಇನ್ನು ಮೊದಲ ಪ್ರಶ್ನೆ. ಕೆಲಸವಿಲ್ಲದವರಲ್ಲಿ ಬಹುಪಾಲು ಜನ ಹೇಗೋ ಬದುಕುತ್ತಾರೆ, ಅದನ್ನು ಮರೆಯುವುದು ಬೇಡ. ಖಿನ್ನತೆ ಮೊದಲೇ ಇದ್ದು, ಅದರಿಂದಲೇ ಕೆಲಸ ಹೋಗುವುದೂ ಉಂಟು. ಆದರೂ ನಂಟು ನಿಜ. 2000ದಿಂದ 2011ರವರೆಗಿನ 63 ದೇಶಗಳ ಲೆಕ್ಕ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಿರುದ್ಯೋಗದ ಜೊತೆಗೆ ಆತ್ಮಹತ್ಯೆಯ ಅಪಾಯ ಶೇ. 20ರಿಂದ 30ರಷ್ಟು ಏರಿತ್ತು. ನಿಮ್ಮ ಮಾತಿಗೆ ಉತ್ತರ ಇರುವುದು ಅದರ ಇನ್ನೊಂದು ಸಾಲಿನಲ್ಲಿ: ಎಲ್ಲಿ ನಿರುದ್ಯೋಗ ಅಪರೂಪವಾಗಿತ್ತೋ ಅಲ್ಲೇ ಪೆಟ್ಟು ಜೋರು. ತೋಟಕ್ಕೆ ಅಸ್ಸಾಮಿನಿಂದ ಆಳು ಕರೆಸುವ ಊರಿನಲ್ಲಿ ಸುಮ್ಮನೆ ಕೂತವನು ಒಬ್ಬನೇ ಎದ್ದು ಕಾಣುತ್ತಾನಲ್ಲ! ದೀರ್ಘಕಾಲದ ನಿರುದ್ಯೋಗದ ಬಗ್ಗೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಮೊದಲ ಐದು ವರ್ಷಗಳಲ್ಲೇ ಅಪಾಯ ಹೆಚ್ಚೆಂದು ಕಂಡಿತು. ನಿಮ್ಮ ಮಗ ಆ ಐದರ ನಡುವೆ ಇದ್ದಾನೆ. (ಸರ್ಕಾರದ ಯುವನಿಧಿ ನಿರುದ್ಯೋಗ ಭತ್ಯೆಯೂ ಹೆಚ್ಚೆಂದರೆ ಎರಡು ವರ್ಷ. ಆಮೇಲಿನದನ್ನು ಮನೆಯವರೇ ನೋಡಿಕೊಳ್ಳಬೇಕು.)

ಬರೀ ದುಡ್ಡಿನ ಕಷ್ಟ ಅಂದುಕೊಳ್ಳಬೇಡಿ. ವಿಯೆನ್ನಾ ಹತ್ತಿರದ ಮರಿಯೆಂಟಾಲ್ ಎಂಬ ಊರಿನಲ್ಲಿ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಸಮಾಜ ಮನೋವಿಜ್ಞಾನಿ ಮೇರಿ ಯಹೋಡಾ ಮತ್ತು ಜೊತೆಗಾರರು ಜನರ ದಿನಚರಿಯನ್ನು ಗಮನಿಸಿ 1933ರಲ್ಲಿ ಪುಸ್ತಕ ಮಾಡಿದರು. ಊರಿಗೆ ಊರೇ ಬಿಡುವಾಗಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧಕ್ಕಿಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು.

ಓದಿದಾಗ ನನಗೆ ನನ್ನದೇ ನಡಿಗೆ ನೆನಪಾಯಿತು. ಈ ಪತ್ರಿಕೆಗೆ ಬರುವ ಮೊದಲು ನಾನಿದ್ದ ಕಡೆ ಬಾಗಿಲು ಹಾಕಿದರು. ಹನ್ನೊಂದು ತಿಂಗಳು ಮನೆಯಲ್ಲಿದ್ದೆ. ಮನೆಯಲ್ಲಿದ್ದೆ ಅನ್ನುವುದೂ ಸುಳ್ಳು. ಎಂಟೂವರೆಗೆ ಇಸ್ತ್ರಿ ಶರ್ಟ್ ಹಾಕಿ, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಮಡಿಕೇರಿಯ ರಾಜಾಸೀಟ್ ಉದ್ಯಾನಕ್ಕೆ ಹೋಗಿ ಕೂರುತ್ತಿದ್ದೆ. ಹತ್ತೂವರೆಗೆಲ್ಲ ಅಕ್ಕಿ ರೊಟ್ಟಿ ಮುಗಿದುಹೋಗುತ್ತಿತ್ತು. ಆಮೇಲೆ ಐದರವರೆಗೆ ಏನು? ದಾರಿಯಲ್ಲಿ ಸಿಕ್ಕವರೆಲ್ಲ “ಈಗ ಏನ್ ಮಾಡ್ತಿದ್ದೀರಿ?” ಎನ್ನುವರು. ಪ್ರೀತಿಯಿಂದಲೇ. ಆ ಪ್ರೀತಿಗೆ ಹೆದರಿ ರಸ್ತೆ ಬದಲಿಸುತ್ತಿದ್ದೆ. ನಿಮ್ಮ ಮಗ ಹುತ್ತರಿಗೆ ಯಾಕೆ ಬರಲಿಲ್ಲವೆಂದು ನನಗೆ ಗೊತ್ತು ಅನ್ನಿಸುತ್ತದೆ. ನೆಂಟರು ಆ ಪ್ರಶ್ನೆ ಕೇಳದಂತೆ ನೀವು ಮೊದಲೇ ತಡೆಯಿರಿ. ಸಿಟ್ಟಾದರೆ ಆಗಲಿ.

ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟಾರ್ಪಾಲು. ಯಾರೂ ಹೇಳದೆ, ಇಬ್ಬನಿ ಬೀಳುವ ಮೊದಲು ಅವನು ಮಾಡುವ ಕೆಲಸ ಅದೊಂದು. “ಅಷ್ಟಾದರೂ ಮಾಡುತ್ತಾನಲ್ಲ” ಎನ್ನಬೇಡಿ, ಹೊಗಳಿ ಅಟ್ಟಕ್ಕೂ ಏರಿಸಬೇಡಿ. ಈ ಸಂಚಿಕೆ ಕೈಸೇರಿದ ಸಂಜೆ ನೀವೂ ಕಣಕ್ಕೆ ಹೋಗಿ ಇನ್ನೊಂದು ತುದಿ ಹಿಡಿದುಕೊಳ್ಳಿ. ಊಟದ ಮನೆಯ ಬೆಳಕಿನಲ್ಲಿ ಕೇಳಲಾಗದ್ದನ್ನು ಅಲ್ಲಿ, ಮುಖ ಕಾಣದ ಕತ್ತಲಲ್ಲಿ ಕೇಳಿ. ತಕ್ಷಣ ಉತ್ತರ ಬಾರದಿದ್ದರೆ ಅಂಚಿಗೆ ಕಲ್ಲು ಹೇರುತ್ತ ಇನ್ನಷ್ಟು ಹೊತ್ತು ಅಲ್ಲೇ ಇರಿ.

ಸಂಪಾದಕ