ಪಟ್ಟಿ ಮಗಳದು, ಕಾಗದಪತ್ರ ನಿಮ್ಮದು

ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳದ್ದಲ್ಲ, ಪಾಲಕರದ್ದು. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಕಲಿಸಿದ ನನಗೆ ಈ ವಾರಗಳಲ್ಲಿ ಮನೆಗಳ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತು. ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಗುರುಗಳೇ, ನಮ್ಮದು ತುಂಗಭದ್ರೆಯ ದಂಡೆಯ ಊರು. ಮಗಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬಂದಿದೆ. ಅವಳಿಗೆ ಸಿವಿಲ್ ಓದುವ ಆಸೆ, ಅವಳ ತಂದೆಗೆ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಯಾವುದೂ ಬೇಡ. ಮೊನ್ನೆ ರಾತ್ರಿ ಅವಳು ಮಲಗಿದ ಮೇಲೆ ಅವರೇ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಲಾಗಿನ್ ಆಗಿ ಕಾಲೇಜು, ಕೋರ್ಸುಗಳ ನಲವತ್ತು ಆಯ್ಕೆಗಳನ್ನು ತುಂಬಿದ್ದಾರೆ, ಎಲ್ಲವೂ ಕಂಪ್ಯೂಟರ್ ಸೈನ್ಸ್. ಬೆಳಿಗ್ಗೆ ಅದನ್ನು ನೋಡಿದ ಮಗಳು ಊಟ ಬಿಟ್ಟು ಕೂತಿದ್ದಾಳೆ. ದೊಡ್ಡ ಕಾಲೇಜುಗಳನ್ನು ಮೇಲೆ ಬರೆದರೆ ಸಿಗುವ ಸೀಟೂ ತಪ್ಪಿಹೋಗುತ್ತದೆ ಎಂದು ನೆರೆಯವರು ಬೇರೆ ಹೆದರಿಸುತ್ತಿದ್ದಾರೆ. ಪಟ್ಟಿಯನ್ನು ಯಾರು ಬರೆಯಬೇಕು, ಹೇಗೆ ಬರೆಯಬೇಕು?
— ಒಬ್ಬ ತಾಯಿ, ರಾಣೇಬೆನ್ನೂರು ತಾಲ್ಲೂಕು

ಉತ್ತರ: ತಾಯಿ, ಪಟ್ಟಿಯನ್ನು ಮಗಳೇ ಬರೆಯಬೇಕು. ಆ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು, ಇನ್ನರ್ಧ ಸಿಇಟಿಯದ್ದು. ಎರಡು ವರ್ಷದ ಆ ದುಡಿಮೆ ಅವಳದು, ಮುಂದಿನ ನಾಲ್ಕು ವರ್ಷ ತರಗತಿಯಲ್ಲಿ ಕೂರುವವಳೂ ಅವಳೇ. ತಂದೆಗೆ ಮಗಳ ಬಗ್ಗೆ ಇರುವ ಕಾಳಜಿಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಮಲಗಿದ ಮಗಳ ಲಾಗಿನ್ ತೆರೆದು ತುಂಬಿದ ಪಟ್ಟಿಗೆ ಅವಳ ಒಪ್ಪಿಗೆ ಇಲ್ಲ. ಆಯ್ಕೆ ದಾಖಲಿಸುವ ಕೊನೆಯ ದಿನದವರೆಗೆ ಪಟ್ಟಿಯನ್ನು ತಿದ್ದಬಹುದು, ಅಳಿಸಬಹುದು, ಮೇಲೆ ಕೆಳಗೆ ಮಾಡಬಹುದು. ಆದ್ದರಿಂದ ಇನ್ನೂ ಏನೂ ಕೈಮೀರಿಲ್ಲ ಎಂದು ಮೊದಲು ಅವಳಿಗೆ ಹೇಳಿ, ಊಟಕ್ಕೆ ಎಬ್ಬಿಸಿ.

ನೆರೆಯವರ ಮಾತು ತಪ್ಪು. ಈ ತಪ್ಪು ತಿಳಿವಳಿಕೆಯಿಂದ ಪ್ರತಿವರ್ಷ ಒಳ್ಳೆಯ ರ‍್ಯಾಂಕಿನ ಮಕ್ಕಳೂ ಕೈಗೆಟುಕುವ ಕಾಲೇಜನ್ನು ಕಳೆದುಕೊಳ್ಳುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಆರಂಭಿಸಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಮೊದಲ ಆಯ್ಕೆಯಲ್ಲಿ ಅವಳ ಪ್ರವರ್ಗಕ್ಕೆ ಸೀಟು ಉಳಿದಿದ್ದರೆ ಅದನ್ನು ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ, ಅದೂ ಇಲ್ಲದಿದ್ದರೆ ಮೂರನೆಯದಕ್ಕೆ ಇಳಿಯುತ್ತದೆ. ಮೇಲೆ ಸಿಗದ ಕಾಲೇಜನ್ನು ಬರೆದ ಕಾರಣಕ್ಕೆ ಕೆಳಗಿನ ಕಾಲೇಜಿನಲ್ಲಿ ಅವಳ ಹಕ್ಕು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ನಿಜವಾದ ಅಪಾಯ ಇರುವುದು ಇದರ ತಿರುಗುಮುರುಗಿನಲ್ಲಿ. ಹೆಚ್ಚು ಬೇಕಾದದ್ದನ್ನು ಕೆಳಗೂ ಕಡಿಮೆ ಬೇಕಾದದ್ದನ್ನು ಮೇಲೂ ಬರೆದಾಗ, ಮೇಲಿನದು ಸಿಕ್ಕರೆ ಕಂಪ್ಯೂಟರ್ ಅಲ್ಲಿಗೇ ನಿಲ್ಲುತ್ತದೆ, ಕೆಳಗಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಆಸೆ ಇರುವ ಕ್ರಮದಲ್ಲೇ ಬರೆಯಬೇಕು. ಸಿಕ್ಕರೂ ಸೇರಲಾರೆ ಎನ್ನುವ ಕಾಲೇಜನ್ನು ಪಟ್ಟಿಯ ಬಾಲಕ್ಕೂ ಸೇರಿಸಬಾರದು.

ಸೀಟು ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಪ್ರಕಟವಾಗುತ್ತದೆ. ಅದು ಸೀಟಲ್ಲ, ಈಗಿನ ಪಟ್ಟಿಯೇ ಉಳಿದರೆ ಏನು ಸಿಗಬಹುದು ಎಂಬ ಅಂದಾಜು ಮಾತ್ರ. ಅದನ್ನು ನೋಡಿದ ಮೇಲೆ ಪಟ್ಟಿಯನ್ನು ಸರಿಪಡಿಸಲು ಕೆಲವು ದಿನ ಸಿಗುತ್ತವೆ, ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು ಆ ದಿನಗಳಲ್ಲಿ. ನಿಜವಾದ ಹಂಚಿಕೆ ಆದ ನಂತರ ನಾಲ್ಕು ಚಾಯ್ಸ್‌ಗಳಿರುತ್ತವೆ. ಸಿಕ್ಕ ಸೀಟು ಒಪ್ಪಿಗೆಯಾಗಿ ಕಾಲೇಜಿಗೆ ಸೇರುವುದು ಮೊದಲನೆಯದು. ಇದು ಇರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು ಬೇಕು ಎನ್ನುವುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ ಎನ್ನುವುದು ಮೂರನೆಯದು, ಪ್ರಕ್ರಿಯೆಯಿಂದಲೇ ಹೊರಗುಳಿಯುವುದು ನಾಲ್ಕನೆಯದು. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಸೀಟು ಸಿಕ್ಕ ಕೂಡಲೇ ಹಳೆಯದು ತಾನಾಗಿ ರದ್ದಾಗುತ್ತದೆ, ‘ಮೊದಲಿನದೇ ಚೆನ್ನಾಗಿತ್ತು’ ಎಂದು ಹಿಂದಿರುಗಲು ಬರುವುದಿಲ್ಲ. ಶುಲ್ಕ ಎಷ್ಟು, ಯಾವಾಗ ಕಟ್ಟಬೇಕು ಎಂಬ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಹಾಗಾಗಿ ಹೋದ ವರ್ಷ ಮಗನನ್ನು ಸೇರಿಸಿದವರ ಮಾತಿಗಿಂತ ಈ ವರ್ಷದ ಪ್ರಕಟಣೆಯನ್ನೇ ಓದಿ.

ಇನ್ನು ನಿಮ್ಮ ಮನೆಯ ಜಗಳ. ಎರಡು ಬಿಳಿ ಹಾಳೆ ತನ್ನಿ. ಒಂದರಲ್ಲಿ ಮಗಳು, ಇನ್ನೊಂದರಲ್ಲಿ ತಂದೆ ತಮ್ಮ ತಮ್ಮ ಹತ್ತು ಆಯ್ಕೆಗಳನ್ನು ಬರೆದು, ಪ್ರತಿಯೊಂದರ ಎದುರು ಒಂದೇ ಸಾಲಿನಲ್ಲಿ ಕಾರಣ ಬರೆಯಲಿ. ‘ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಾರೆ’ ಎಂಬ ಕಾರಣ ಯಾರ ಹಾಳೆಯಲ್ಲಿದ್ದರೂ ಅದಕ್ಕೆ ಬೆಲೆ ಕೊಡಬೇಡಿ. ಶುಲ್ಕ, ಹಾಸ್ಟೆಲ್, ದೂರ, ಈ ಮೂರರ ಬಗ್ಗೆ ತಂದೆಯ ಮಾತಿಗೆ ತೂಕ ಇರಬೇಕು, ಏಕೆಂದರೆ ಹೊರುವವರು ಅವರು. ವರ್ಷಕ್ಕೆ ಇಷ್ಟು ಹಣ ಹೊಂದಿಸಬಲ್ಲೆ, ಇದಕ್ಕಿಂತ ಹೆಚ್ಚು ಆಗದು ಎಂಬುದನ್ನು ಅವರು ಮೊದಲೇ, ಸಂಕೋಚವಿಲ್ಲದೆ ಹೇಳಲಿ. ಆ ಮಿತಿಯೊಳಗೆ ಯಾವ ಶಾಖೆ, ಯಾವ ಕಾಲೇಜು ಎಂಬುದು ಮಗಳಿಗೆ ಬಿಟ್ಟದ್ದು. ಸಿವಿಲ್ ಎಂದರೆ ಕೀಳು ಎಂಬ ಭಾವನೆ ನಿಮ್ಮ ಯಜಮಾನರಿಗೆ ಇದ್ದರೆ, ಸರ್ ಎಂ. ವಿಶ್ವೇಶ್ವರಯ್ಯನವರು ಓದಿ ಬದುಕಿದ್ದು ಅದೇ ವಿದ್ಯೆಯಲ್ಲಿ ಎಂದು ನೆನಪಿಸಿ. 1917ರಲ್ಲಿ ಅವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಆರಂಭವಾದ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂದಿಗೂ ಸಿವಿಲ್ ಕಲಿಸುತ್ತಾರೆ, ಅಲ್ಲಿಯ ಸೀಟು ಸಿಇಟಿ ಮೂಲಕವೇ ಸಿಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮಗನ ಪಟ್ಟಿಯನ್ನು ನಾನೇ ಬರೆದಿದ್ದೆ. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಮಾತ್ರ ಹೇಳಿದ್ದ. ಒಳ್ಳೆಯ ಕಾಲೇಜೇ ಸಿಕ್ಕಿತು, ಓದಿ ಮುಗಿಸಿದ, ಕೆಲಸವೂ ಸಿಕ್ಕಿತು. ಆದರೆ ಆ ನಾಲ್ಕು ವರ್ಷಗಳಲ್ಲಿ ಕಾಲೇಜಿನ ಒಂದು ಸಂಗತಿಯನ್ನೂ ಅವನು ತಾನಾಗಿ ನನ್ನ ಬಳಿ ಹೇಳಿಕೊಳ್ಳಲಿಲ್ಲ. ಒಂದು ವಿಷಯದಲ್ಲಿ ಫೇಲಾದದ್ದು ಕೂಡ ನನಗೆ ಗೊತ್ತಾದದ್ದು ಅವನ ಸ್ನೇಹಿತನಿಂದ. ಅಂದಿನ ಪಟ್ಟಿಯ ಪ್ರಿಂಟ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ಪ್ರಶ್ನೆ: ಸಾರ್, ನಾನು ಎಪಿಎಂಸಿಯಲ್ಲಿ ಹಮಾಲಿ. ಏಳನೇ ತರಗತಿವರೆಗೆ ಓದಿದ್ದೇನೆ. ಮಗ ಹತ್ತನೇ ತರಗತಿವರೆಗೂ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲೇ ಓದಿ, ಈಗ ಪಿಯುಸಿ ವಿಜ್ಞಾನ ಮುಗಿಸಿದ್ದಾನೆ. ಎಲ್ಲವನ್ನೂ ಸೈಬರ್ ಸೆಂಟರಿನವರೇ ಮಾಡುತ್ತಾರೆ. ನನ್ನಂಥ ತಂದೆ ಅವನಿಗೆ ಏನು ಸಹಾಯ ಮಾಡಬಲ್ಲ?
— ಒಬ್ಬ ತಂದೆ, ಕೊಪ್ಪಳ ಜಿಲ್ಲೆ

ಉತ್ತರ: ಅಣ್ಣಾ, ಮಗನಿಗೆ ಈಗ ಬೇಕಾಗಿರುವ ಕಾಗದಪತ್ರಗಳಿಗಾಗಿ ಕಚೇರಿಗಳಿಗೆ ಓಡಾಡಿ ತರಬೇಕಾದವರು ನೀವೇ, ಮತ್ತು ಅದಕ್ಕೆ ಇಂಗ್ಲಿಷ್ ಬೇಕಿಲ್ಲ.

ನಿಮ್ಮ ಮಗನಿಗೆ ಮೂರು ಬಗೆಯ ಅವಕಾಶಗಳು ತೆರೆದಿರಬಹುದು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರಷ್ಟು ಸೀಟುಗಳ ಮೀಸಲಾತಿ ಇದೆ. ಒಂದೇ ಒಂದು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಮೀಸಲಾತಿ ಸಿಗದು, ಆದ್ದರಿಂದ ಊರಿನ ಶಾಲೆಗೆ ಹೋಗಿ ದಾಖಲಾತಿಯನ್ನು ಕಣ್ಣಾರೆ ನೋಡಿ ವ್ಯಾಸಂಗ ಪ್ರಮಾಣಪತ್ರ ಪಡೆಯಿರಿ. ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಹಾಕಿಸಿಟ್ಟುಕೊಳ್ಳಿ. ಮೂರನೆಯದು ಸಂವಿಧಾನದ 371(ಜೆ) ವಿಧಿಯ ಮೀಸಲಾತಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8ರಷ್ಟು ಸೀಟುಗಳು ಮೀಸಲಾಗಿವೆ. ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರಲ್ಲ, ಉಪವಿಭಾಗಾಧಿಕಾರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು. ಅದರ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬುತ್ತಾರೆ, ಒಂದು ಅಂಕಿ ತಪ್ಪಿದರೂ ಮೀಸಲಾತಿ ನೋಂದಣಿಯಾಗುವುದಿಲ್ಲ. ಹಳೆಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಿ.

ಸೈಬರ್ ಸೆಂಟರಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊಬೈಲ್ ಸಂಖ್ಯೆ ತುಂಬುವ ಜಾಗದಲ್ಲಿ ಅಂಗಡಿಯವರು ತಮ್ಮ ಸಂಖ್ಯೆ ಹಾಕದಂತೆ ಎಚ್ಚರ ವಹಿಸಿ. ನಮ್ಮ ಕಾಲೇಜಿನ ಒಬ್ಬ ಹುಡುಗನ ಅರ್ಜಿಯಲ್ಲಿ ಹೀಗೆಯೇ ಆಗಿತ್ತು. ಸೀಟು ಹಂಚಿಕೆಯಾದ ದಿನ ಅಂಗಡಿಯವರು ಊರಿನ ಜಾತ್ರೆಗೆ ಹೋಗಿದ್ದರು, ಒಟಿಪಿ ಅವರ ಜೇಬಿನ ಫೋನಿಗೆ ಬರುತ್ತಿತ್ತು, ಹುಡುಗ ಮುಚ್ಚಿದ ಷಟರಿನ ಮುಂದೆ ಸಂಜೆವರೆಗೆ ನಿಂತಿದ್ದ. ಆದ್ದರಿಂದ ನಿಮ್ಮದೋ ಮಗನದೋ ಸಂಖ್ಯೆಯನ್ನೇ ಕೊಡಿ, ಇಡೀ ಪ್ರವೇಶ ಪ್ರಕ್ರಿಯೆ ಮುಗಿಯುವವರೆಗೆ ಆ ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ, ಪಾಸ್‌ವರ್ಡನ್ನು ಮಗ ತನ್ನ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗನ ಹೆಸರು, ನಿಮ್ಮ ಹೆಸರು ಹೇಗಿವೆಯೋ ಆಧಾರ್‌ನಲ್ಲೂ ಹಾಗೆಯೇ ಇವೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ, ಅದನ್ನೂ ಈಗಲೇ ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬನ್ನಿ.

ಮೂಲ ದಾಖಲೆಗಳನ್ನು ಒಂದು ಫೈಲಿನಲ್ಲಿ, ಜೆರಾಕ್ಸ್ ಪ್ರತಿಗಳನ್ನು ಇನ್ನೊಂದರಲ್ಲಿ ಇಡಿ, ಮೂಲವನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. ಎಷ್ಟೋ ಮನೆಗಳಲ್ಲಿ ತಂದೆ ಇಷ್ಟು ಮಾಡದ ಕಾರಣಕ್ಕೆ ಮಗ ಅರ್ಧ ರಜೆಯನ್ನು ಕಚೇರಿಗಳ ಬಾಗಿಲಲ್ಲಿ ಕಳೆಯುತ್ತಾನೆ. ಯಾವ ಕೋರ್ಸ್ ಎಂಬ ಪ್ರಶ್ನೆಗೆ ಅವನ ಪಿಯು ಕಾಲೇಜಿನ ಉಪನ್ಯಾಸಕರ ಬಳಿ ಅವನ ಜೊತೆ ನೀವೂ ಹೋಗಿ ಕೂತುಕೊಳ್ಳಿ, ಅವರು ಕನ್ನಡದಲ್ಲೇ ಹೇಳುತ್ತಾರೆ.

ಪ್ರಶ್ನೆ: ಮಗನಿಗೆ ನೀಟ್‌ನಲ್ಲಿ ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಫಲಿತಾಂಶ ಬಂದಂದಿನಿಂದ ಕೋಣೆಯಿಂದ ಹೊರಗೆ ಬರುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ. ನಮ್ಮ ಮನೆಯವರು ಅವನೊಂದಿಗೆ ಮಾತು ಬಿಟ್ಟಿದ್ದಾರೆ; ಆಡಿದರೆ ಭಾವನ ಮಗನ ಅಂಕದ ಮಾತೇ. ಈಗಲೇ ಒಂದು ವರ್ಷದ ಲಾಂಗ್ ಟರ್ಮ್ ಕೋಚಿಂಗಿಗೆ ಹಣ ಕಟ್ಟಬೇಕು ಎನ್ನುತ್ತಿದ್ದಾರೆ.
— ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಮೊದಲು ಮಗ, ಆಮೇಲೆ ಸೀಟು. ಇಂದು ರಾತ್ರಿಯೇ ಅವನ ಕೋಣೆಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಸಲಹೆ ಹೇಳಬೇಡಿ, ಅವನು ಮಾತಾಡಿದರೆ ಕೇಳಿ. ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಅವನನ್ನು ಒಬ್ಬನೇ ಬಿಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗನೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು.

ನಿಮ್ಮ ಯಜಮಾನರಿಗೆ ಈ ಪುಟವನ್ನು ಓದಲು ಕೊಡಿ. ಸ್ವಾಮಿ, ನಿಮ್ಮ ಮೌನವನ್ನು ಮಗ ಸಿಟ್ಟು ಎಂದು ತಿಳಿಯುತ್ತಿಲ್ಲ, ತಾನು ಬೇಡವಾದೆ ಎಂದು ತಿಳಿಯುತ್ತಿದ್ದಾನೆ. ಅವನನ್ನು ಕರೆದು ‘ಊಟಕ್ಕೆ ಬಾ’ ಎಂಬ ಒಂದು ಮಾತು ನಿಮ್ಮ ಬಾಯಿಂದಲೇ ಬರಲಿ. ಭಾವನ ಮಗನ ಅಂಕ ಆ ಊಟದ ಹೊತ್ತಿನಲ್ಲಿ ಬೇಡ.

ಕೋಚಿಂಗಿನ ಹಣವನ್ನು ಈ ವಾರ ಕಟ್ಟಬೇಡಿ. ಮತ್ತೆ ಬರೆಯುವ ಮನಸ್ಸು ಅವನಿಗೆ ನಿಜವಾಗಿ ಇದ್ದರೆ, ಎಲ್ಲಿ ಅಂಕ ಹೋಯಿತೆಂದು ಅವನೇ ಪ್ರಶ್ನೆಪತ್ರಿಕೆ ಎದುರಿಗಿಟ್ಟು ತೋರಿಸಬಲ್ಲನಾದರೆ, ಒಂದು ವರ್ಷ ವ್ಯರ್ಥವಲ್ಲ. ತಂದೆಯ ಹಟಕ್ಕೆ ಹೋಗುವ ವರ್ಷದ ಬಗ್ಗೆ ನನಗೆ ಭಯವಿದೆ. ಅವನು ಸಿಇಟಿಯಲ್ಲಿ ಜೀವಶಾಸ್ತ್ರವನ್ನೂ ಬರೆದಿದ್ದರೆ ಪಶುವೈದ್ಯಕೀಯ, ಬಿ.ಫಾರ್ಮ, ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರದ ದಾರಿಗಳು ತೆರೆದಿವೆ. ಶಿರಸಿಯ ಮತ್ತು ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ಹೆಸರನ್ನೇ ಕೇಳದ ಪಾಲಕರು ಬೆಂಗಳೂರಿನಲ್ಲಿ ಬಹಳ ಜನರಿದ್ದಾರೆ. ಅವನ ಮನಸ್ಸು ತಿಳಿಯಾದ ಮೇಲೆ, ರಜೆಯ ಒಂದು ದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ತಂದೆ ಮಗ ಇಬ್ಬರೇ ಹೋಗಿ ಬರಲಿ.

ಪ್ರಶ್ನೆ: ನಾವು ಮುಂಬೈಯಲ್ಲಿ ನೆಲೆಸಿದ ಕನ್ನಡಿಗರು. ಮಗಳು ಹೊರನಾಡ ಕನ್ನಡಿಗರ ವರ್ಗದಲ್ಲಿ ಸಿಇಟಿ ಬರೆಯಬೇಕೆಂದಿದ್ದಾಳೆ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಬರೆಯಲು ಬಾರದು.
— ಒಬ್ಬ ತಂದೆ, ಮುಂಬೈ

ಉತ್ತರ: ಹೊರನಾಡ ಮತ್ತು ಗಡಿನಾಡ ಕನ್ನಡಿಗ ಅಭ್ಯರ್ಥಿಗಳಿಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಇರುತ್ತದೆ, ಅದರಲ್ಲಿ ಕನಿಷ್ಠ 12 ಅಂಕ ಪಡೆಯಲೇಬೇಕು. ಮಾತು ಬರುವ ಹುಡುಗಿಗೆ ಇದು ಕಷ್ಟವಲ್ಲ, ಆದರೆ ಲಿಪಿ ಒಂದು ವಾರದಲ್ಲಿ ಕೈಗೆ ಬರುವುದಿಲ್ಲ. ಭೌತಶಾಸ್ತ್ರದ ಓದಿನ ನಡುವೆ ಅವಳಿಗೆ ಇದು ಇನ್ನೊಂದು ಹೊರೆ ಅನ್ನಿಸದಂತೆ, ರಾತ್ರಿ ಊಟದ ನಂತರ ಅರ್ಧ ಗಂಟೆ ನೀವೇ ಜೊತೆಗೆ ಕೂತು ಕಾಗುಣಿತ ಬರೆಸಿ. ಮನೆಯಲ್ಲಿ ಅಜ್ಜಿ ಇದ್ದರೆ ಆ ಕೆಲಸವನ್ನು ಅವರಿಗೇ ಬಿಡಿ. ದಿನಕ್ಕೊಂದು ಪುಟ ಉಕ್ತಲೇಖನ ಹೇಳಿ ಬರೆಸಲಿ, ಒತ್ತಕ್ಷರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಲಿ.